ಒಂದು ಲಕ್ಷ ಓಡಿದ ಕಾರು ಯಾರಿಗೂ ಬೇಡ

ನಮ್ಮ ಜನಕ್ಕೆ ಹಳೇ ಕಾರು ಬೇಕು, ಆದರೆ ಅದು ಓಡಿರಬಾರದು. ಒಂಬತ್ತು ವರ್ಷದ ಗಾಡಿಯ ಮೀಟರಿನಲ್ಲಿ ನಲವತ್ತೈದು ಸಾವಿರ ಮಾತ್ರ ಇರಬೇಕು. ಸಿಂಗಲ್ ಓನರ್ ಆಗಿರಬೇಕು. ಆ ಓನರ್ ಡಾಕ್ಟರೋ ಬ್ಯಾಂಕ್ ಮ್ಯಾನೇಜರೋ ಆಗಿದ್ದು, ಭಾನುವಾರ ದೇವಸ್ಥಾನಕ್ಕೆ ಮಾತ್ರ ಕಾರು ಆಚೆ ತೆಗೆದಿರಬೇಕು. ಬೆಲೆ ಮಾತ್ರ ಮೂರು ಲಕ್ಷ ದಾಟಕೂಡದು. ಇಂಥ ಕಾರು ಇಡೀ ಬೆಂಗಳೂರಿನಲ್ಲಿ ಎಷ್ಟಿರಬಹುದು ಹೇಳಿ? ಹುಡುಕಿದರೆ ಒಂದಷ್ಟು ಸಿಕ್ಕಾವು. ಆದರೆ ಯಾವುದೇ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಹೋಗಿ ನೋಡಿ, ಸಾಲಾಗಿ ನಿಂತಿರೋವೆಲ್ಲ ಇಂಥವೇ! ಪವಾಡ ಏನಿಲ್ಲ ಸ್ವಾಮಿ. ನಾವು ಕೇಳಿದ್ದನ್ನ ಅವರು ತಯಾರು ಮಾಡಿ ಕೊಡ್ತಿದ್ದಾರೆ.

ಹಳೇ ಕಾರು ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ ಹೆದರಿಸೋದು ರಿಪೇರಿ ಬಗ್ಗೆ. 'ಬೇಡ ಮಗಾ, ತಗೊಂಡ ತಿಂಗಳಿಗೇ ಗ್ಯಾರೇಜ್ ಸೇರುತ್ತೆ' ಅಂತಾರೆ. ಸೇರುತ್ತೆ, ಅದರಲ್ಲೇನು ಅನುಮಾನ? ಹತ್ತು ವರ್ಷ ದುಡಿದ ಯಂತ್ರ ಅದು. ಏನು ಸವೆದಿದೆ ಅಂತ ಮೊದಲೇ ಗೊತ್ತಿದ್ದರೆ ರಿಪೇರಿ ಬರೀ ಲೆಕ್ಕದ ಮಾತು. ಸವೆದಿದ್ದನ್ನ ಮುಚ್ಚಿಟ್ಟು ಮಾರೋದಿದೆಯಲ್ಲ, ಅದು ಮೋಸ. ಆ ಮೋಸಕ್ಕೆ ಮೊದಲ ಗಿರಾಕಿಗಳು ಮೀಟರಿನ ಒಂದೇ ಒಂದು ಅಂಕಿ ನೋಡಿ ಕಾರು ಆರಿಸೋ ನಾವು. ನನ್ನ ಜಗಳ ಇರೋದು ಇಬ್ಬರ ಜೊತೆಗೂ.

ನಮ್ಮೂರು ಅರಸೀಕೆರೆ ಕಡೆ. ತಾಲ್ಲೂಕು ಆಸ್ಪತ್ರೆಗೆ ಇಪ್ಪತ್ತು ಕಿಲೋಮೀಟರ್, ಹಾಸನಕ್ಕೆ ಅರವತ್ತರ ಮೇಲೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಎರಡು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಲೇಬೇಕು. 2024ರಲ್ಲಿ ಊರಲ್ಲೇ ಇರಲಿ ಅಂತ ಒಂದು ಕಾರು ಹುಡುಕೋಕೆ ಶುರು ಮಾಡಿದೆ. ಹೊಸದಕ್ಕೆ ಸಾಲ ಕೊಡೋಕೆ ಬ್ಯಾಂಕಿನವರು ತುದಿಗಾಲಲ್ಲಿ ನಿಂತಿದ್ದರು. ಆದರೆ ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ ಹರಡಿರೋ ಊರಿಗೆ, ಚಿಕ್ಕಪ್ಪನ ಮಗ ತೆಂಗಿನಕಾಯಿ ಮೂಟೆ ಹಾಕ್ಕೊಂಡು ಹೋಗೋ ಕೆಲಸಕ್ಕೆ ಎಂಟು ಲಕ್ಷದ ಕಾರು ಯಾಕೆ? ಇನ್ನೊಂದು ವಿಷಯ ಹೇಳ್ತೀನಿ, ಪಟ್ಟಣದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹಳ್ಳಿಯಲ್ಲಿ ಕಾರು ಒಬ್ಬರದ್ದಲ್ಲ. ರಾತ್ರಿ ಹನ್ನೆರಡಕ್ಕೆ ಯಾರಿಗೋ ಎದೆ ನೋವು, ಯಾರದೋ ಮಗಳಿಗೆ ಹೆರಿಗೆ ನೋವು ಅಂದ್ರೆ ಮೊದಲು ತಟ್ಟೋದು ಕಾರಿದ್ದವರ ಮನೆ ಬಾಗಿಲು. ಆ ಕಾರು ನೂರಕ್ಕೆ ತೊಂಬತ್ತು ಸಲ ಸೆಕೆಂಡ್ ಹ್ಯಾಂಡೇ. ಬೆಂಗಳೂರಿನಲ್ಲಿ ಹಳತಾಗಿದ್ದು ನಮ್ಮೂರ ಕಡೆ ಹೊಸದಾಗಿ ಬರುತ್ತೆ. ಬೆಂಗಳೂರಿನಲ್ಲಿ ಹೇಳಿದ ಸುಳ್ಳೂ ಅದರ ಜೊತೆಗೇ ಬರುತ್ತೆ.

ಎರಡು ತಿಂಗಳಲ್ಲಿ ಹದಿನೇಳು ಕಾರು ನೋಡಿದೆ. ಅದರಲ್ಲಿ ಎರಡರ ಕಥೆ ಹೇಳಿದರೆ ಸಾಕು.

ಮೊದಲನೇದು ಒಂದು ಅಂಗಡಿಯಲ್ಲಿದ್ದ 2015ರ ಕಾರು. ಮೀಟರ್ 52,600. ಪಾಲಿಶ್ ಹೊಡೆದು ಮದುವೆ ಗಂಡಿನ ಹಾಗೆ ನಿಲ್ಲಿಸಿದ್ದರು. ಒಳಗೆ ಕೂತೆ. ಸ್ಟಿಯರಿಂಗ್ ಚಕ್ರ ಹತ್ತು ಗಂಟೆ, ಎರಡು ಗಂಟೆ ಜಾಗದಲ್ಲಿ ನುಣ್ಣಗೆ ಹೊಳೀತಿತ್ತು. ಕ್ಲಚ್ ಪೆಡಲಿನ ರಬ್ಬರ್ ಸವೆದು ಗೆರೆಗಳೇ ಇರಲಿಲ್ಲ. ಬ್ರೇಕ್ ಪೆಡಲಿಗೆ ಮಾತ್ರ ಹೊಸ ರಬ್ಬರ್! ಡ್ರೈವರ್ ಸೀಟಿನ ಬಲಬದಿ ಕುಸಿದಿತ್ತು. ಐವತ್ತು ಸಾವಿರಕ್ಕೆ ಕಾರು ಇಷ್ಟು ಮುದಿಯಾಗಲ್ಲ. ಟೈರ್ ನೋಡಿದೆ. ಟೈರಿನ ಪಕ್ಕದಲ್ಲಿ ಒತ್ತಿರೋ ನಾಲ್ಕು ಅಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕೂ 2023ರವು. ಐವತ್ತೆರಡು ಸಾವಿರಕ್ಕೆ ಒಂದು ಸೆಟ್ ಟೈರ್ ಬದಲಾಯಿಸಿರಬಹುದು, ತಪ್ಪೇನಿಲ್ಲ. ಆದರೆ ಸ್ಟೆಪ್ನಿ 2019ರದ್ದು, ಅದೂ ಚೆನ್ನಾಗಿ ಸವೆದಿತ್ತು. ಅಂದರೆ ಕಾರಿನ ಜೊತೆ ಹುಟ್ಟಿದ ಟೈರ್ ಒಂದೂ ಉಳಿದಿಲ್ಲ, ಇದು ಬಹುಶಃ ಮೂರನೇ ಸೆಟ್.

ಜೇಬಿನಲ್ಲಿ ಓಬಿಡಿ ಸ್ಕ್ಯಾನರ್ ಇಟ್ಕೊಂಡೇ ಓಡಾಡ್ತಿದ್ದೆ. ಬೆಂಕಿಪೊಟ್ಟಣದಷ್ಟು ಗಾತ್ರ, ಸಾವಿರ ರೂಪಾಯಿ ಒಳಗೇ ಸಿಗುತ್ತೆ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ಏನು ಹೇಳ್ತಿದೆ ಅಂತ ಮೊಬೈಲಿನಲ್ಲಿ ತೋರಿಸುತ್ತೆ. ಈ ಕಾರಿನಲ್ಲಿ ಎರರ್ ಕೋಡ್ ಒಂದೂ ಇರಲಿಲ್ಲ. ಅದನ್ನ ನೋಡಿ ಅಂಗಡಿಯವನು ಹಿಗ್ಗಿದ. ಆದರೆ 'ರೆಡಿನೆಸ್' ಅಂತ ಇನ್ನೊಂದು ಪಟ್ಟಿ ಇರುತ್ತೆ. ಕಾರು ಸ್ವಲ್ಪ ದಿನ ಓಡಿದ ಮೇಲೆ ತನ್ನ ಭಾಗಗಳನ್ನ ತಾನೇ ಪರೀಕ್ಷೆ ಮಾಡ್ಕೊಂಡು 'ನಾನು ರೆಡಿ' ಅನ್ನುತ್ತೆ. ಯಾರಾದರೂ ಎರರ್ ಅಳಿಸಿದರೆ ಅಥವಾ ಬ್ಯಾಟರಿ ಕಿತ್ತರೆ ಆ ಪಟ್ಟಿ ಮತ್ತೆ ಖಾಲಿಯಾಗುತ್ತೆ. ಇಲ್ಲಿ ಪೂರ್ತಿ ಖಾಲಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕ್ಲೈಂಟ್ ಡೆಮೋಗೆ ಮುಂಚೆ ಲಾಗ್ ಫೈಲ್ ಅಳಿಸಿದ ಹಾಗೆ.

ಆಮೇಲೆ ಕಂಪನಿ ಸರ್ವೀಸ್ ಸೆಂಟರಿನಲ್ಲಿ ಕೆಲಸ ಮಾಡೋ ಪರಿಚಯದವರೊಬ್ಬರಿಗೆ ನಂಬರ್ ಕೊಟ್ಟು ಕೇಳಿದೆ. 2020ರಲ್ಲಿ ಕೊನೇ ಸಲ ಬಂದಾಗ ಆ ಕಾರು 91,000 ಓಡಿತ್ತು! ಅಂಗಡಿಯವನಿಗೆ ಹೇಳಿದರೆ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. 'ಮೀಟರ್ ಚೇಂಜ್ ಆಗಿರ್ಬೇಕು ಸಾರ್. ಅದನ್ನೆಲ್ಲಾ ನೋಡ್ತಾ ಕೂತ್ರೆ ಕಾರು ತಗೊಳ್ಳಕ್ಕಾಗಲ್ಲ' ಅಂದ. ಮೂರನೇ ವಾರಕ್ಕೆ ಆ ಕಾರು ಅಲ್ಲಿರಲಿಲ್ಲ. ಯಾರೋ ತಗೊಂಡರು.

ಎರಡನೇದು ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ 2014ರ ಪೆಟ್ರೋಲ್ ಕಾರು. ಮೀಟರ್ 1,18,400. ಕಾರು ತೋರಿಸೋ ಮೊದಲು ಮೇಷ್ಟ್ರು ಒಂದು ನೂರು ಪುಟದ ನೋಟ್‌ಬುಕ್ ಕೈಗಿಟ್ಟರು. ಯಾವ ತಾರೀಖು, ಎಷ್ಟು ಕಿಲೋಮೀಟರ್, ಏನು ಕೆಲಸ, ಎಷ್ಟು ದುಡ್ಡು, ಎಲ್ಲಾ ಕಾಪಿರೈಟಿಂಗ್ ಅಕ್ಷರದಲ್ಲಿ. ಆಮೇಲೆ ಬಾಯಲ್ಲಿ ಹೇಳಿದರು: 'ಹಂಪ್ ಹತ್ತಿಳಿಯೋವಾಗ ಮುಂದಿನ ಬಲಗಡೆ ಟಕ್ ಟಕ್ ಅನ್ನುತ್ತೆ. ಬ್ಯಾಟರಿ ಈ ಚಳಿಗಾಲ ದಾಟಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಸ್ವಲ್ಪ ಉಸಿರು ಎಳೆದ ಹಾಗೆ ಮಾಡುತ್ತೆ, ಯಾಕೋ ಗೊತ್ತಿಲ್ಲ. ಟೈರ್ ನೀವೇ ನೋಡ್ತಿದ್ದೀರಲ್ಲ.'

ಈ ಕಾರು ನಾಲ್ಕು ತಿಂಗಳಿಂದ ಮಾರಾಟವಾಗದೆ ನಿಂತಿತ್ತು. ಬಂದವರೆಲ್ಲ ಮೀಟರ್ ನೋಡಿ, 'ಒಂದು ಲಕ್ಷ ದಾಟಿದೆಯಲ್ಲ ಸಾರ್' ಅಂತ ಟೀ ಕುಡಿದು ಎದ್ದು ಹೋದರಂತೆ. ನೋಟ್‌ಬುಕ್ ಬಿಡಿಸಿ ನೋಡಿದವರು ಇಬ್ಬರೇ ಅಂತೆ. ಒಬ್ಬ ಬ್ರೋಕರ್ ಬಂದು, 'ಮೀಟರ್ ಅರವತ್ತಕ್ಕೆ ಇಳಿಸಿಬಿಡೋಣ, ನಲವತ್ತು ಸಾವಿರ ಜಾಸ್ತಿ ಕೊಡಿಸ್ತೀನಿ. ನಿಮ್ಮ ಪುಸ್ತಕ ಮಾತ್ರ ಒಳಗಿಡಿ' ಅಂದನಂತೆ. ಮೇಷ್ಟ್ರು ಆಗಲ್ಲ ಅಂದರು. ಅಂದರೆ ನಿಜ ಹೇಳಿದ ತಪ್ಪಿಗೆ ಅವರಿಗೆ ನಲವತ್ತು ಸಾವಿರ ದಂಡ, ಜೊತೆಗೆ ನಾಲ್ಕು ತಿಂಗಳ ಕಾಯುವಿಕೆ. ಈ ದಂಡ ಹಾಕಿದ್ದು ಬ್ರೋಕರ್ ಅಲ್ಲ. ಟೀ ಕುಡಿದು ಎದ್ದು ಹೋದವರು.

ನಾನು ಆ ಕಾರು ತಗೊಂಡೆ. ಮೊದಲ ತಿಂಗಳು ಅದಕ್ಕೆ ಏನೇನು ಆಯ್ತು ಅಂತ ಲೆಕ್ಕ ಕೊಡ್ತೀನಿ. ಯಾಕಂದ್ರೆ ಜನ ಹೆದರೋದು ಇದಕ್ಕೇ. ಎಂಜಿನ್ ಆಯಿಲ್, ಎಲ್ಲಾ ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲೂಯಿಡ್ ಬದಲಾಯಿಸಿದ್ದಕ್ಕೆ 5,200. ಹಳೇ ಕಾರು ಮನೆಗೆ ಬಂದ ತಕ್ಷಣ ಮಾಡಿಸಬೇಕಾದ ಅಭ್ಯಂಜನ ಇದು, ಕಂಪ್ಲೇಂಟ್ ಇರಲಿ ಬಿಡಲಿ. ಮುಂದಿನ ಬ್ರೇಕ್ ಪ್ಯಾಡ್ 2,300. ಟಕ್ ಟಕ್ ಸದ್ದು ಲೋವರ್ ಆರ್ಮಿನ ಬುಶ್ ಮತ್ತು ಲಿಂಕ್ ರಾಡಿನದ್ದು, ಎರಡೂ ಕಡೆ ಕೂಲಿ ಸೇರಿ 4,600. ಬ್ಯಾಟರಿ 4,300. ನಾಲ್ಕು ಟೈರ್ 15,000. ಇನ್ನು ಉಸಿರು ಎಳೀತಿದ್ದ ಎಂಜಿನ್. ಒಬ್ಬ ಮೆಕ್ಯಾನಿಕ್ 'ಎಂಜಿನ್ ಕೆಲಸ ಬರುತ್ತೆ ಸಾರ್' ಅಂತ ಕೈ ಉಜ್ಜಿಕೊಂಡ. ಇನ್ನೊಬ್ಬರ ಹತ್ತಿರ ಹೋದರೆ ಗಾಳಿ ಒಳಗೆ ಬಿಡೋ ಥ್ರಾಟಲ್ ಬಾಡಿ ಬಿಚ್ಚಿ ತೋರಿಸಿದರು, ಹತ್ತು ವರ್ಷದ ಮಸಿ ಕಟ್ಟಿತ್ತು. ತೊಳೆದು ಕೂರಿಸಿದ್ದಕ್ಕೆ 800. ಆರ್‌ಪಿಎಂ ಮುಳ್ಳು ಅವತ್ತಿಂದ ಅಲ್ಲಾಡಿಲ್ಲ. ಒಟ್ಟು 32,200 ರೂಪಾಯಿ.

ಇದರಲ್ಲಿ ಯಾವುದೂ ಕಾರಿನ ಕಾಯಿಲೆ ಅಲ್ಲ. ಬುಶ್, ಪ್ಯಾಡ್, ಬ್ಯಾಟರಿ, ಟೈರ್ ಇವೆಲ್ಲ ಚಪ್ಪಲಿ ಇದ್ದ ಹಾಗೆ, ಸವೆಯೋಕೇ ಇರೋವು. ಮೇಷ್ಟ್ರು ಹೇಳಿದ್ದರಿಂದ ಇಷ್ಟನ್ನೂ ಮೊದಲೇ ಲೆಕ್ಕ ಹಾಕಿ ಚೌಕಾಸಿ ಮಾಡಿದ್ದೆ, ಅವರೂ ಒಪ್ಪಿ ಬೆಲೆ ಇಳಿಸಿದ್ದರು. ಕಾರಿನ ಬೆಲೆಯಲ್ಲಿ ಹತ್ತನೇ ಒಂದು ಭಾಗವನ್ನ ಮೊದಲ ತಿಂಗಳ ಖರ್ಚಿಗೆ ಅಂತ ತೆಗೆದಿಡದೆ ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗೋದು, ಬೀಗರ ಮನೆಗೆ ಹೋಗಿ ವರದಕ್ಷಿಣೆ ಜೊತೆ ಬಾಡಿಗೆ ದುಡ್ಡನ್ನೂ ಕೇಳಿದ ಹಾಗೆ.

ಈಗ ಆ 52,600ರ ಕಾರಿಗೆ ಬನ್ನಿ. 'ಹೋಗ್ಲಿ ಬಿಡಿ, ಯಾರೋ ನಲವತ್ತು ಸಾವಿರ ಜಾಸ್ತಿ ಕೊಟ್ಟಿರ್ತಾರೆ' ಅನ್ನೋರಿದ್ದಾರೆ. ದುಡ್ಡಿನ ಮಾತು ಆಮೇಲೆ. ಕಾರಿನ ಸರ್ವೀಸ್ ಪುಸ್ತಕ ನಡೆಯೋದೇ ಕಿಲೋಮೀಟರ್ ಲೆಕ್ಕದಲ್ಲಿ. ಅನೇಕ ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಅಂತ ಒಂದು ರಬ್ಬರ್ ಪಟ್ಟಿ ಇರುತ್ತೆ. ಕಂಪನಿ ಹೇಳಿದಷ್ಟು ಕಿಲೋಮೀಟರಿಗೆ ಅದನ್ನ ಬದಲಾಯಿಸಲೇಬೇಕು. ಒಂದು ಲಕ್ಷಕ್ಕೆ ಅಂತ ಇಟ್ಕೊಳ್ಳಿ. ಮೀಟರಿನಲ್ಲಿ ಐವತ್ತೆರಡು ನೋಡಿದವನು ಇನ್ನೂ ನಲವತ್ತೆಂಟು ಸಾವಿರ ಬಾಕಿ ಇದೆ ಅಂತ ನೆಮ್ಮದಿಯಾಗಿ ಓಡಿಸ್ತಾನೆ. ಬೆಲ್ಟಿನ ಆಯಸ್ಸು ಆಗಲೇ ಮುಗಿದಿರುತ್ತೆ. ಅದು ತುಂಡಾದರೆ ಹೆಚ್ಚಿನ ಎಂಜಿನ್ನುಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿದು, ಓಡ್ತಿದ್ದ ಕಾರು ನಿಂತಲ್ಲೇ ನಿಲ್ಲುತ್ತೆ. ಎಲ್ಲಿ ನಿಲ್ಲುತ್ತೆ? ಲೈಟ್ ಕಂಬ ಇರೋ ಜಾಗ ನೋಡಿ ನಿಲ್ಲಲ್ಲ. ಹೆರಿಗೆ ನೋವಿನ ಹೆಣ್ಣುಮಗಳನ್ನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ ರಾತ್ರಿ, ಅತ್ತ ಊರೂ ಇತ್ತ ಆಸ್ಪತ್ರೆಯೂ ಇಲ್ಲದ ಕಡೆಯೂ ನಿಲ್ಲಬಹುದು. ಮೀಟರ್ ತಿರುಗಿಸೋದು ಬೆಲೆಯಲ್ಲಿ ಹೇಳೋ ಸಣ್ಣ ಸುಳ್ಳು ಅಂತ ತಿಳ್ಕೊಂಡಿರೋರು ಇದನ್ನೊಂದು ಸಲ ಯೋಚನೆ ಮಾಡಬೇಕು.

ನಮ್ಮ ಕಡೆ ಎತ್ತು ತಗೊಳ್ಳೋದನ್ನ ನೋಡಿದವರಿಗೆ ಈ ಕಾರು ವ್ಯಾಪಾರ ವಿಚಿತ್ರ ಅನ್ನಿಸುತ್ತೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲೂ ದಲ್ಲಾಳಿಗಳಿದ್ದಾರೆ, ಟವೆಲ್ ಕೆಳಗೆ ಬೆರಳು ಹಿಡಿದೇ ಬೆಲೆ ಮಾತಾಡ್ತಾರೆ, ಸುಳಿ ಬಗ್ಗೆ ಪುರಾಣ ಹೇಳ್ತಾರೆ. ಅವರೇನು ಹರಿಶ್ಚಂದ್ರರಲ್ಲ. ಆದರೆ ಎತ್ತಿನ ಬಾಯಿ ಬಿಡಿಸಿದರೆ ವಯಸ್ಸು ಅಲ್ಲೇ ಇರುತ್ತೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿ ಕೂಡಿದ್ದು. ಬಾಯಿ ಕೂಡಿದ ಎತ್ತು ಅಂದ ತಕ್ಷಣ ಯಾರೂ ಎದ್ದು ಹೋಗಲ್ಲ. ಪಳಗಿದೆಯಾ, ಹೂಡಿ ತೋರಿಸು, ನಡೆಸಿ ತೋರಿಸು ಅಂತಾರೆ. ಮನೆಗೆ ತಂದ ಮೇಲೆ ವಾರ ಹದಿನೈದು ದಿನ ಅದು ಮೇವು ಸರಿಯಾಗಿ ತಿನ್ನಲ್ಲ, ನೊಗಕ್ಕೆ ಹೊಂದಲ್ಲ, ಲಾಳ ಹೊಸದಾಗಿ ಕಟ್ಟಿಸಬೇಕು. ಅದನ್ನ ಯಾರೂ ಮೋಸ ಹೋದೆ ಅನ್ನಲ್ಲ. ವಯಸ್ಸಿಗೂ ಕಸುವಿಗೂ ಇರೋ ವ್ಯತ್ಯಾಸ ಅಕ್ಷರ ಬಾರದ ನಮ್ಮಜ್ಜನಿಗೆ ಗೊತ್ತಿತ್ತು. ಬಿಇ ಓದಿದ ನಮಗೆ ಗೊತ್ತಿಲ್ಲ. ಹೈವೇಯಲ್ಲಿ ನಿಯಮಿತವಾಗಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ 1,20,000ದ ಕಾರು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಸುಟ್ಟುಕೊಂಡು ಸರ್ವೀಸ್ ಕಾಣದೆ ಬಿದ್ದಿದ್ದ 50,000ದ ಕಾರಿಗಿಂತ ಗಟ್ಟಿ ಇರುತ್ತೆ. ಇದನ್ನ ಯಾವ ಮೆಕ್ಯಾನಿಕ್ಕನ್ನ ಬೇಕಾದರೂ ಕೇಳಿ.

ನಿಜ ಹೇಳೋನು ಸೋಲೋ ಸಂತೆಯಲ್ಲಿ ಕೊನೆಗೆ ನಿಜ ಹೇಳೋರೇ ಉಳಿಯಲ್ಲ ಅನ್ನೋದನ್ನ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿಕೊಟ್ಟಿದ್ದಾರೆ. ಅವರು ತಗೊಂಡ ಉದಾಹರಣೆಯೂ ಹಳೇ ಕಾರುಗಳದ್ದೇ. ಒಳ್ಳೇ ಕಾರು ಯಾವುದು ಕೆಟ್ಟದ್ದು ಯಾವುದು ಅಂತ ಕೊಳ್ಳುವವನಿಗೆ ಗೊತ್ತಾಗದಿದ್ದರೆ ಎರಡಕ್ಕೂ ಸರಾಸರಿ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಮಾರಲ್ಲ, ಸಂತೆಯಿಂದ ಹೊರಗೆ ಹೋಗ್ತಾನೆ. ಉಳಿಯೋದು ಕೆಟ್ಟವು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೀವಿ. ಕೊಳ್ಳುವವನ ಕೈಗೆ ನೋಟ್‌ಬುಕ್ ಕೊಟ್ಟರೂ ಓದಲ್ಲ!

ಸರ್ಕಾರ ಏನು ಮಾಡ್ತಿದೆ? ಕಾನೂನು ಇಲ್ಲ ಅಂತ ಹೇಳೋ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ನಡೆಯೋದೇ ಬೇರೆ. ಮಾರೋನ ಹತ್ತಿರ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ಕಾರು ಒಬ್ಬ ಬ್ರೋಕರಿಂದ ಇನ್ನೊಬ್ಬನಿಗೆ ದಾಟುತ್ತೆ. ಆರ್‌ಸಿಯಲ್ಲಿ ಮಾತ್ರ ಅದು ಇನ್ನೂ ಸಿಂಗಲ್ ಓನರ್. ಮೀಟರ್ ತಿರುಗೋದು ಈ ಲೆಕ್ಕಕ್ಕೆ ಸಿಗದ ಕೈಗಳ ನಡುವೆಯೇ. ಹೀಗೆ ಹಲವು ಕೈ ದಾಟಿದ ಕಾರೊಂದು ಅಪಘಾತ ಮಾಡಿದಾಗ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕನದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಖಾಲಿ ಫಾರಂಗೆ ಸಹಿ ಹಾಕೋರು ಇದನ್ನ ನೆನಪಿಟ್ಟುಕೊಂಡರೆ ಒಳ್ಳೇದು.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದು 2023ರ ಏಪ್ರಿಲ್ ಒಂದರಿಂದ ಜಾರಿ ಮಾಡಿತು. ಹಳೇ ಗಾಡಿ ಮಾರೋ ಡೀಲರ್ ಆರ್‌ಟಿಓದಿಂದ ಅಧಿಕೃತ ಪ್ರಮಾಣಪತ್ರ ತಗೋಬೇಕು, ಕಾರು ತನ್ನ ಹತ್ತಿರ ಇರೋವರೆಗೂ ಅವನೇ ಮಾಲೀಕ ಅಂತ ಲೆಕ್ಕ, ಅವನ ಹತ್ತಿರ ಇದ್ದಾಗ ಕಾರು ಎಷ್ಟು ಓಡಿತು ಅಂತಲೂ ಎಲೆಕ್ಟ್ರಾನಿಕ್ ರಿಜಿಸ್ಟರಿನಲ್ಲಿ ಬರೀಬೇಕು. ಬಹಳ ಸಂತೋಷ. ಆದರೆ ಡೀಲರ್ ಹತ್ತಿರ ಓಡಿದ ಹತ್ತಿಪ್ಪತ್ತು ಕಿಲೋಮೀಟರಿನ ಲೆಕ್ಕ ಕೇಳೋರು, ಅದಕ್ಕೆ ಮುಂಚೆ ಓಡಿದ ಲಕ್ಷ ಕಿಲೋಮೀಟರಿನ ಲೆಕ್ಕ ಯಾಕೆ ಕೇಳಲ್ಲ? ಇನ್ನು ನಾನು ಹೋದ ಅಂಗಡಿಗಳಲ್ಲಿ ಆ ಪ್ರಮಾಣಪತ್ರ ತೋರಿಸಿ ಅಂದಾಗ ನನ್ನನ್ನ ಇನ್‌ಕಂ ಟ್ಯಾಕ್ಸಿನವನು ಅನ್ನೋ ಹಾಗೆ ನೋಡಿದರು.

ಇದಕ್ಕೆ ರಾಕೆಟ್ ವಿಜ್ಞಾನ ಬೇಕಿಲ್ಲ. ಬೆಲ್ಜಿಯಂ ದೇಶದಲ್ಲಿ 2006ರಿಂದ ಕಾರ್-ಪಾಸ್ ಅನ್ನೋ ವ್ಯವಸ್ಥೆ ಇದೆ. ಕಾರು ಗ್ಯಾರೇಜಿಗೆ ಹೋದಾಗ, ಸರ್ಕಾರಿ ತಪಾಸಣೆಗೆ ಹೋದಾಗೆಲ್ಲ ಮೀಟರ್ ಎಷ್ಟಿತ್ತು ಅಂತ ಒಂದೇ ಕಡೆ ದಾಖಲಾಗುತ್ತೆ. ಕಾರು ಮಾರೋನು ಆ ದಾಖಲೆ ಕೊಡಲೇಬೇಕು, ಕೊಡದಿದ್ದರೆ ಕೊಂಡವನು ವ್ಯಾಪಾರ ರದ್ದು ಮಾಡಿ ಅಂತ ಕೇಳಬಹುದು. ಅಮೆರಿಕದಲ್ಲಿ ಮೀಟರ್ ತಿರುಗಿಸೋದನ್ನ ತಡೆಯೋ ಕೇಂದ್ರ ಕಾನೂನು 1972ರಿಂದಲೇ ಇದೆ.

ನಮ್ಮಲ್ಲಿ ಅದಕ್ಕೆ ಬೇಕಾದ ಅರ್ಧ ವ್ಯವಸ್ಥೆ ಆಗಲೇ ಇದೆ. ಪ್ರತಿ ಕಾರೂ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಹೊಗೆ ತಪಾಸಣೆಗೆ ಹೋಗುತ್ತೆ. ಅಲ್ಲಿ ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕ್ತಾನೆ. ಅದೇ ಹುಡುಗ ಎರಡು ಹೆಜ್ಜೆ ಮುಂದೆ ಬಂದು ಮೀಟರಿನ ಫೋಟೋನೂ ತೆಗೆದರೆ ಆಯ್ತು! ಡೇಟಾಬೇಸಿನಲ್ಲಿ ಒಂದು ಕಾಲಂ. ಹದಿಮೂರು ವರ್ಷದಿಂದ ಇದೇ ಕೆಲಸ ಮಾಡಿ ಅನ್ನ ತಿಂತಿದ್ದೀನಿ, ಒಂದು ಕಾಲಂ ಸೇರಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಪ್ರತಿ ವರ್ಷದ ಇನ್ಶೂರೆನ್ಸ್ ನವೀಕರಣದಲ್ಲೂ ಅದೇ ಅಂಕಿ ಬರೆಸಿ. 2020ರಲ್ಲಿ 91,000 ಇದ್ದಿದ್ದು 2024ರಲ್ಲಿ 52,600 ಆದರೆ ಕಂಪ್ಯೂಟರೇ ಕೂಗಿ ಹೇಳುತ್ತೆ. ತಪಾಸಣೆ ಕೇಂದ್ರದಲ್ಲೂ ದುಡ್ಡು ಕೊಟ್ಟು ಸುಳ್ಳು ಬರೆಸ್ತಾರೆ ಅಂತ ನೀವು ಹೇಳಬಹುದು. ಬರೆಸಲಿ. ಹತ್ತು ವರ್ಷ, ಹತ್ತು ಕಡೆ, ಪ್ರತಿ ಸಲವೂ ಒಂದಕ್ಕೊಂದು ಹೊಂದೋ ಹಾಗೆ ಸುಳ್ಳು ಬರೆಸೋದು ಲ್ಯಾಪ್‌ಟಾಪ್ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಅಂಕಿ ಬದಲಾಯಿಸಿದಷ್ಟು ಸುಲಭ ಅಲ್ಲ.

ಆ ಕಾಲಂ ಬರೋವರೆಗೆ ನಾವು ಮಾಡೋ ಕೆಲಸ ಇದೆ. ಅಂಗಡಿಗೆ ಹೋದಾಗ 'ಎಷ್ಟು ಓಡಿದೆ' ಅಂತ ಮೊದಲು ಕೇಳಬೇಡಿ, 'ಸರ್ವೀಸ್ ದಾಖಲೆ ಎಲ್ಲಿ' ಅಂತ ಕೇಳಿ. ಪೆಡಲ್ ನೋಡಿ, ಸ್ಟೆಪ್ನಿಯ ಅಂಕಿ ಓದಿ, ಸೀಟ್ ಬೆಲ್ಟ್ ಪೂರ್ತಿ ಎಳೆದು ನೀರಿನ ಕಲೆ ಇದೆಯಾ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗಲೇ ಸ್ಟಾರ್ಟ್ ಮಾಡಿಸಿ. ನಿಮ್ಮ ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೂಲಿ ಕೊಟ್ಟು ಜೊತೆಗೆ ಕರ್ಕೊಂಡು ಹೋಗಿ. 'ಸಣ್ಣಪುಟ್ಟದ್ದು ಇದ್ದಿದ್ದೇ ಸಾರ್' ಅಂತ ಯಾರಾದರೂ ಅಂದರೆ, 'ಹೌದು, ಆ ಸಣ್ಣಪುಟ್ಟದ್ದು ಏನೇನು ಅಂತ ಬರೆದು ಸಹಿ ಹಾಕಿ ಕೊಡಿ' ಅನ್ನಿ. ಬರೆದು ಕೊಡೋನ ಹತ್ತಿರ ವ್ಯಾಪಾರ ಮಾಡಿ. ನಿಮ್ಮದೇ ಕಾರು ಮಾರೋ ದಿನ ಬಂದರೆ ನೀವೂ ಬರೆದು ಕೊಡಿ. ಯಾವುದಾದರೂ ಮನೆಯಲ್ಲಿ 1,20,000 ಓಡಿದ ಕಾರಿನ ಜೊತೆ ಒಂದು ಹಳೇ ನೋಟ್‌ಬುಕ್ ಕೈಗೆ ಬಂದರೆ, ದಯವಿಟ್ಟು ಟೀ ಕುಡಿದು ಎದ್ದು ಹೋಗಬೇಡಿ. ಬಿಡಿಸಿ ಓದಿ.